ವೃದ್ಧಾಶ್ರಮದ ರೂಮಲ್ಲಿ ಹಿಡಿಕೆ ಅಲ್ಲಾಡ್ತಿದೆ, ಹೇಳಿ ಹೇಳಿ ಸಾಕಾಯ್ತು

ಅಮ್ಮನ ಮಗಳು:
ಅಮ್ಮ ವೃದ್ಧಾಶ್ರಮ ಸೇರಿ ಎಂಟು ತಿಂಗಳಾಯ್ತು, ನೋಡ್ಕೊಳ್ಳೋರೆಲ್ಲ ಒಳ್ಳೆಯವ್ರೇ, ಆದ್ರೆ ಕಮೋಡ್ ಪಕ್ಕದ ಹಿಡಿಕೆ ಲೂಸಾಗಿದೆ, ಹಿಡ್ಕೊಂಡು ಎದ್ರೆ ಟೈಲ್ಸ್ ಹತ್ರ ಬಿಳಿ ಪುಡಿ ಉದುರತ್ತೆ. ಮೂರು ಸಲ ಹೇಳ್ದೆ, ಮೂರು ಸಲನೂ "ನಾಳೆ ಮಾಡಿಸ್ತೀವಿ". ಅಮ್ಮ ಬೇರೆ "ಸುಮ್ನಿರೇ, ಅವ್ರಿಗ್ಯಾಕೆ ತೊಂದ್ರೆ" ಅಂತಾರೆ. ಏನ್ ಮಾಡ್ಲಿ? ರೂಮಲ್ಲಿ ಇನ್ನೇನೇನು ನೋಡ್ಬೇಕು?

ಸ್ಕ್ರೂಡ್ರೈವರ್ ಮಾಮ:
ಮೇಡಂ, ಇಂಥದ್ದೇ ಜಾಗದಲ್ಲಿ ಒಂಬತ್ತು ವರ್ಷ ಮೇಂಟೆನೆನ್ಸ್ ನೋಡ್ಕೊಂಡೋನು ನಾನು. ಪುಡಿ ಉದುರ್ತಿದೆ ಅಂದ್ರೆ ಸ್ಕ್ರೂ ಕೂರೋಕೆ ಗೋಡೆ ತೂತಲ್ಲಿ ಹಾಕೋ ಪ್ಲಗ್ ಹಿಡಿತ ಬಿಟ್ಟಿದೆ, ಅದೇ ತೂತಲ್ಲಿ ಸ್ಕ್ರೂ ಟೈಟ್ ಮಾಡಿದ್ರೆ ನಾಲ್ಕು ದಿನ ಬರತ್ತೆ ಅಷ್ಟೇ, ಗಟ್ಟಿ ಜಾಗದಲ್ಲಿ ಹೊಸದಾಗಿ ಕೂರಿಸ್ಬೇಕು. ರಬ್ಬರ್ ಕಪ್ ಅಂಟಿಸೋ ಹಿಡಿಕೆ ತಂದ್ರೆ ಬೇಡ ಅನ್ನಿ, ಯಾವಾಗ ಕಳಚತ್ತೋ ಹೇಳಕ್ಕಾಗಲ್ಲ.

ಬಿಸಿನೀರು ಚೆಕ್ ಮಾಡಿ. 60 ಡಿಗ್ರಿ ನೀರು ಐದೇ ಸೆಕೆಂಡಲ್ಲಿ ಚರ್ಮ ಸುಟ್ಟುಬಿಡತ್ತೆ, ವಯಸ್ಸಾದವ್ರ ತೆಳು ಚರ್ಮಕ್ಕೆ ಇನ್ನೂ ಬೇಗ. ಹಾಗಂತ ಟ್ಯಾಂಕಲ್ಲೇ ಕಮ್ಮಿ ಮಾಡಿಟ್ರೆ ನ್ಯುಮೋನಿಯಾ ತರೋ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯತ್ತೆ, ಅದಕ್ಕೇ ಟ್ಯಾಂಕಲ್ಲಿ 60 ಇಟ್ಟು ನಲ್ಲಿ ಹತ್ರ ತಣ್ಣೀರು ಬೆರೆಸಿ ಬಿಸಿ ತಗ್ಗಿಸೋ ಮಿಕ್ಸಿಂಗ್ ವಾಲ್ವ್ ಹಾಕೋದು. ಆ ವಾಲ್ವ್ ಸರ್ವಿಸ್ ಯಾವಾಗ ಆಗಿದ್ದು ಅಂತ ಕೇಳಿ ನೋಡಿ, ಮುಖ ಮುಖ ನೋಡ್ಕೊತಾರೆ.

ರಾತ್ರಿ ಡ್ಯೂಟಿ:
ಅಕ್ಕ, ನಾನು ನರ್ಸ್. ಬಾತ್‌ರೂಮಲ್ಲಿ ಕರೆಗಂಟೆ ದಾರ ಇದ್ರೆ ಅದು ನೆಲದ ತನಕ ಇಳಿದಿರ್ಬೇಕು, ಬಿದ್ದೋರು ಮಲಗಿದ್ದಲ್ಲಿಂದಲೇ ಎಳೀಬೇಕಲ್ವಾ. ಆದ್ರೆ ಒರೆಸುವಾಗ ಅಡ್ಡ ಬರತ್ತೆ ಅಂತ ಅದನ್ನ ಮೇಲಕ್ಕೆ ಸುತ್ತಿ ಗಂಟು ಹಾಕಿಬಿಡ್ತಾರೆ, ಎಷ್ಟು ಸಲ ಬಿಚ್ಚಿದ್ದೀನೋ ಲೆಕ್ಕ ಇಲ್ಲ. ಮಂಚದ ಗಾಲಿ ಬ್ರೇಕ್ ಹಾಕಿ ಸೊಂಟದಲ್ಲಿ ತಳ್ಳಿ ನೋಡಿ, ಜರುಗಬಾರ್ದು. ವಾಕರ್ ಕಾಲಿನ ರಬ್ಬರ್ ಸವೆದಿದ್ಯಾ ಅಂತಾನೂ.

ಸ್ಕ್ರೂಡ್ರೈವರ್ ಮಾಮ:
ಸರಿಯಾಗಿ ಹೇಳಿದ್ರಿ. ಮೇಡಂ, ಬಾಯಲ್ಲಿ ಹೇಳಿದ್ದು ಶಿಫ್ಟ್ ಬದಲಾದ್ರೆ ಅಲ್ಲಿಗೇ ಹೋಯ್ತು. ಫೋಟೋ ತೆಗೀರಿ, ರೂಮ್ ನಂಬರ್, ತಾರೀಕು ಹಾಕಿ ರಿಜಿಸ್ಟರಲ್ಲಿ ಬರೆಸಿ, ಯಾರು ಯಾವತ್ತು ಮಾಡ್ತಾರೆ ಅಂತ ಪಕ್ಕದಲ್ಲೇ ಬರೆಸ್ಕೊಳ್ಳಿ. ರಿಪೇರಿ ಆಗೋವರೆಗೂ ಆ ಹಿಡಿಕೆ ಬಿಚ್ಚಿಸಿ, ಇದೆ ಅಂತ ನಂಬಿ ಹಿಡ್ಕೊಳ್ಳೋದೇ ಡೇಂಜರ್.

ಅಮ್ಮನ ಮಗಳು:
ಇವತ್ತು ಹೋಗಿದ್ದೆ. ದಾರ ನಿಜವಾಗ್ಲೂ ಫ್ಲಶ್ ಟ್ಯಾಂಕ್ ಮೇಲೆ ಗಂಟಾಗಿತ್ತು 😐 ಬಿಚ್ಚಿ ಎಳೆದ್ರೆ ಗಂಟೆಯೇ ಹೊಡೀಲಿಲ್ಲ. ಎರಡೂ ಬರೆಸಿದ್ದೀನಿ, ಹಿಡಿಕೆ ಬಿಚ್ಚಿದ್ದಾರೆ, ಅಮ್ಮನ್ನ ಸದ್ಯಕ್ಕೆ ಪಕ್ಕದ ರೂಮಿಗೆ ಹಾಕಿಸ್ದೆ. ಗುರುವಾರ ಮತ್ತೆ ಹೋಗ್ತೀನಿ.