ನನ್ನ ಮೊದಲ ಸ್ವಿಸ್ ಆಟೊಮ್ಯಾಟಿಕ್ ಕ್ರೋನೋಗ್ರಾಫ್, ಅಲ್ಲಾಡಿಸಿದ್ರೆ ಗಿರ್ರ್ ಅನ್ನತ್ತೆ, ತಗೋಬಹುದಾ?

ಕೆಂಪು_ಮುಳ್ಳು:
ಎಲ್ರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಸುಮ್ನೆ ಓದ್ಕೊಂಡಿದ್ದೆ, ಇವತ್ತು ಬಾಯಿ ಬಿಡ್ತಿದ್ದೀನಿ. ಒಂದು ಸ್ವಿಸ್ ಮೇಡ್ ಆಟೊಮ್ಯಾಟಿಕ್ ಕ್ರೋನೋಗ್ರಾಫ್ (ಕೈ ಅಲ್ಲಾಟಕ್ಕೇ ಕೀ ಆಗೋ, ಸ್ಟಾಪ್‌ವಾಚ್ ಇರೋ ವಾಚು) ತಗೋಬೇಕು ಅಂತ ಮೂರು ವರ್ಷದಿಂದ ದುಡ್ಡು ಕೂಡಿಡ್ತಾ ಇದ್ದೀನಿ. ರೋಲೆಕ್ಸು ಒಮೆಗಾ ಎಲ್ಲ ನಮ್ಮ ಕೈಗೆಟುಕೋ ಮಾತಲ್ಲ, ಹಾಗಾಗಿ ಒಂದು ಚಿಕ್ಕ ಬ್ರ್ಯಾಂಡಿಂದು ನೋಡಿದೀನಿ. ಒಳಗಿನ ಯಂತ್ರ, ಅಂದ್ರೆ ಮೂವ್‌ಮೆಂಟ್, ಸೆಲಿಟಾ ಎಸ್‌ಡಬ್ಲ್ಯೂ500, 42 ಮಿಮೀ ಅಗಲ, 15 ಮಿಮೀ ದಪ್ಪ, ಸ್ಯಾಫೈರ್ ಗ್ಲಾಸು, 100 ಮೀಟರ್ ವಾಟರ್ ರೆಸಿಸ್ಟೆನ್ಸು. ನಿನ್ನೆ ಕೈಗೆ ಹಾಕ್ಕೊಂಡೂ ನೋಡ್ದೆ, ಅಲ್ಲಿಂದ ಬಂದಾಗಿಂದ ತಲೆಗೆ ಹುಳ ಬಿಟ್ಕೊಂಡಿದೀನಿ.

ಒಂದು, ಕೈ ಸ್ವಲ್ಪ ಜೋರಾಗಿ ಆಡಿಸಿದ್ರೆ ಒಳಗೆ ಬುಗುರಿ ಬಿಟ್ಟ ಹಾಗೆ ಗಿರ್ರ್ ಅಂತ ತಿರುಗತ್ತೆ, ಆ ನಡುಕ ಮಣಿಕಟ್ಟಿಗೇ ಗೊತ್ತಾಗತ್ತೆ. ಎರಡು, ರೀಸೆಟ್ ಒತ್ತಿದ್ರೆ ದೊಡ್ಡ ಸೆಕೆಂಡ್ ಮುಳ್ಳು 12ರ ಗೆರೆ ಮೇಲೆ ಸರಿಯಾಗಿ ಕೂರಲ್ಲ, ಒಂದು ಕೂದಲೆಳೆ ಎಡಕ್ಕೇ ನಿಲ್ಲತ್ತೆ. ಇನ್ನು ಸ್ಟಾರ್ಟ್ ಬಟನ್ನು ಸಿಕ್ಕಾಪಟ್ಟೆ ಬಿಗಿ, ಹೆಬ್ಬೆರಳು ಕೆಂಪಾಯ್ತು, ರೀಸೆಟ್ ಮಾತ್ರ ಮೆತ್ತಗಿದೆ. ಇದು ಆ ಪೀಸಿನ ದೋಷವಾ ಅಥವಾ ಎಲ್ಲಾ ಹೀಗೇನಾ? ಡಯಲ್ ಕೆಳಗೆ ಸ್ವಿಸ್ ಮೇಡ್ ಅಂತ ಇದ್ಮೇಲೆ ಕಣ್ಮುಚ್ಚಿ ತಗೋ ಅಂತಾನೆ ನಮ್ಮ ಫ್ರೆಂಡು, ಅವನ ಮಾತು ಎಷ್ಟು ನಂಬೋದೋ ಗೊತ್ತಿಲ್ಲ.

ಹಳೇ_ಕೀಲಿ:
ಫ್ರೆಂಡಿಗೆ ಮೊದಲು ಉತ್ತರ ಹೇಳ್ಬಿಡ್ತೀನಿ. ಸ್ವಿಸ್ ಮೇಡ್ ಅನ್ನೋದು ಕಾನೂನಿನ ಮಾತು, ಕ್ವಾಲಿಟಿ ಸರ್ಟಿಫಿಕೇಟ್ ಅಲ್ಲ. 2017ರಿಂದ ಇರೋ ನಿಯಮದ ಪ್ರಕಾರ ತಯಾರಿಕೆ ಖರ್ಚಿನಲ್ಲಿ ಕನಿಷ್ಠ 60% ಸ್ವಿಟ್ಜರ್ಲೆಂಡಲ್ಲೇ ಆಗಿರ್ಬೇಕು, ಮೂವ್‌ಮೆಂಟ್ ಸ್ವಿಸ್ ಆಗಿರ್ಬೇಕು, ಅದನ್ನ ಕೇಸಿನೊಳಗೆ ಕೂರಿಸೋದು, ಕೊನೇ ಚೆಕ್ಕಿಂಗು ಎರಡೂ ಅಲ್ಲೇ ನಡೀಬೇಕು. ಮಿಕ್ಕ 40% ಎಲ್ಲಿಂದ ಬೇಕಾದ್ರೂ ಬರಬಹುದು, ಕೇಸು, ಡಯಲ್ಲು, ಮುಳ್ಳು, ಪಟ್ಟಿ ಹೀಗೆ. ಅದು ತಪ್ಪು ಅಂತ ನಾನು ಹೇಳ್ತಿಲ್ಲ, ಆ ಎರಡು ಪದ ನೋಡಿ ದುಡ್ಡು ಬಿಚ್ಬೇಡಿ ಅಷ್ಟೇ.

ಈಗ ಗಿರ್ರ್ ಸದ್ದು. ಎಸ್‌ಡಬ್ಲ್ಯೂ500 ಅಂದ್ರೆ ವ್ಯಾಲ್ಜೂ 7750 ಅನ್ನೋ ಹಳೇ ಕ್ರೋನೋ ಮೂವ್‌ಮೆಂಟಿನ ಪಡಿಯಚ್ಚು. 7750ನ ಎಡ್ಮಂಡ್ ಕಾಪ್ಟ್ ಅನ್ನೋರು 1970ರ ದಶಕದ ಶುರುವಲ್ಲಿ ಡಿಸೈನ್ ಮಾಡಿದ್ದು, ಅದರ ರೋಟರ್ (ಕೈ ಆಡಿದಾಗ ತಿರುಗೋ ತೂಕದ ತಟ್ಟೆ) ಒಂದೇ ದಿಕ್ಕಲ್ಲಿ ತಿರುಗಿದಾಗ ಮಾತ್ರ ಕೀ ಕೊಡತ್ತೆ, ಇನ್ನೊಂದು ದಿಕ್ಕಲ್ಲಿ ಹಿಡಿಯೋರಿಲ್ಲದ ರಾಟೆ ಥರ ಸುಮ್ನೆ ತಿರುಗ್ತಾ ಹೋಗತ್ತೆ. ನಿಮ್ಮ ಕೈಗೆ ಸಿಗೋ ನಡುಕ ಅದೇ. ದೋಷ ಅಲ್ಲ, ಈ ಮನೆತನದ ಹುಟ್ಟುಗುಣ. ಕೆಲವ್ರಿಗೆ ಇದು ಇಷ್ಟ, ನನಗೂ ಇಷ್ಟ, ನನ್ನ ಹೆಂಡತಿಗೆ ಮಾತ್ರ ಸಿಟ್ಟು ಬರತ್ತೆ.

ಬಟನ್ ಬಿಗಿ ಇರೋದೂ ಹಾಗೇ. ಕ್ರೋನೋ ಶುರು ಮಾಡೋಕೆ ನಿಲ್ಲಿಸೋಕೆ ಎರಡು ದಾರಿ ಇದೆ, ಕಾಲಮ್ ವೀಲ್ (ಕಂಬಗಳಿರೋ ಚಕ್ರ) ಒಂದು, ಕ್ಯಾಮ್ (ಉಬ್ಬುತಗ್ಗಿನ ಲೋಹದ ತುಂಡು) ಒಂದು. ಕಾಲಮ್ ವೀಲ್ ಬೆಣ್ಣೆ ಥರ ಒತ್ತತ್ತೆ, ಆದ್ರೆ ಅದನ್ನ ಮಾಡೋಕೆ ಖರ್ಚು ಜಾಸ್ತಿ. 7750ರದ್ದು ಕ್ಯಾಮ್, ಅದಕ್ಕೇ ಸ್ಟಾರ್ಟಿಗೆ ಬಲ ಬೇಕು. ಮುಳ್ಳು ಹೊರಡುವಾಗ ಒಂಚೂರು ತಡವರಿಸಿದ್ರೂ ಗಾಬರಿ ಬೇಡ, ಒಳಗಿರೋದು ಓರೆಯಾಗಿ ಬಂದು ಹಲ್ಲಿಗೆ ಹಲ್ಲು ಕಚ್ಚೋ ಪುಟ್ಟ ಪಿನಿಯನ್ನು, ಅಂದ್ರೆ ಹಲ್ಲಿನ ಚಕ್ರ. ಆ ಐಡಿಯಾಗೆ ಸ್ವಿಸ್ ವಾಚ್ ತಯಾರಕ ಹೋಯರ್ 1887ರಲ್ಲೇ ಪೇಟೆಂಟ್ ತಗೊಂಡಿದ್ರು, ಇವತ್ತಿಗೂ ಅದೇ ನಡೀತಿದೆ.

ನಿಜವಾಗಿ ನೋಡ್ಬೇಕಾದ್ದು ನಿಮ್ಮ ಎರಡನೇ ಪ್ರಶ್ನೆ. ರೀಸೆಟ್ ಒತ್ತಿದಾಗ ಒಳಗೆ ಒಂದು ಪುಟಾಣಿ ಸುತ್ತಿಗೆ ಹೃದಯದ ಆಕಾರದ ಕ್ಯಾಮ್ ಮೇಲೆ ಬಡಿಯತ್ತೆ, ಆ ಕ್ಯಾಮ್ ಎಲ್ಲಿದ್ರೂ ತಿರುಗಿ ತನ್ನ ತಗ್ಗಿಗೇ ಬಂದು ಕೂರತ್ತೆ, ಜೊತೆಗೆ ಮುಳ್ಳೂ ಸೊನ್ನೆಗೆ ಬರತ್ತೆ. ಹಾಗಾಗಿ ಇನ್ನೊಂದು ಸಲ ಹೋಗಿ ಹತ್ತು ಸಲ ಸ್ಟಾರ್ಟ್, ಸ್ಟಾಪ್, ರೀಸೆಟ್ ಮಾಡಿ, ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ನಿಲ್ಲಿಸಿ. ಹತ್ತೂ ಸಲ ಮುಳ್ಳು ಅದೇ ಕೂದಲೆಳೆ ಎಡಕ್ಕೆ ನಿಂತ್ರೆ ಒಳಗೆಲ್ಲ ಸರಿ ಇದೆ, ಮುಳ್ಳು ಕೂರಿಸಿದೋರು ಓರೆ ಕೂರಿಸಿದ್ದಾರೆ ಅಷ್ಟೇ, ತೆಗೆದು ಮತ್ತೆ ಹಾಕಿದ್ರೆ ಮುಗೀತು. ಒಂದು ಸಲ ಎಡಕ್ಕೆ ಒಂದು ಸಲ ಬಲಕ್ಕೆ ಅಂತ ಕುಣಿದ್ರೆ ಮುಳ್ಳು ಸಡಿಲ ಇದೆ ಇಲ್ಲಾ ಸುತ್ತಿಗೆ ಸರಿ ಬಡೀತಿಲ್ಲ, ಆ ಪೀಸ್ ಮುಟ್ಬೇಡಿ.

ಸುಮ್ನೆ_ಕೇಳ್ದೆ:
ಒಂದು ಅಧಿಕಪ್ರಸಂಗ. ಕ್ರೋನೋ ನೀವು ಯಾತಕ್ಕೆ ಬಳಸ್ತೀರಿ ಗುರು? ಅನ್ನಕ್ಕಿಟ್ಟು ಟೈಮ್ ನೋಡೋಕೆ ಫೋನ್ ಸಾಕು. ಬಟನ್ ಮಜಾ ಬೇಕು ಅಂದ್ರೆ ಸೈಕೋದವರ ವಿಕೆ63 ಮೂವ್‌ಮೆಂಟ್ ಹಾಕಿರೋ ಮೆಕಾಕ್ವಾರ್ಟ್ಜ್ ತಗೊಳ್ಳಿ, ಟೈಮ್ ಬ್ಯಾಟರಿದು, ರೀಸೆಟ್ ಮೆಕ್ಯಾನಿಕಲ್ಲು, ಮುಳ್ಳು ಟಪ್ ಅಂತ ಹಾರಿ ಸೊನ್ನೆಗೆ ಬರತ್ತೆ. ದಪ್ಪ ಕಮ್ಮಿ, ರೇಟು ಅದರ ಹತ್ತಿರಕ್ಕೂ ಬರಲ್ಲ. ಆಟೊಮ್ಯಾಟಿಕ್ ಕ್ರೋನೋದ ಸರ್ವೀಸು ಮಾಮೂಲಿ ಮೂರು ಮುಳ್ಳಿನ ವಾಚಿಗಿಂತ ಬಹಳ ದುಬಾರಿ, ಅದನ್ನ ಯಾರೂ ಮೊದಲೇ ಹೇಳಲ್ಲ.

ಕೆಂಪು_ಮುಳ್ಳು:
@ಸುಮ್ನೆ_ಕೇಳ್ದೆ ನಿಜ ಹೇಳ್ಬೇಕಂದ್ರೆ ಏನಕ್ಕೂ ಇಲ್ಲ 😄 ಹಿಂದಿನ ಗ್ಲಾಸಲ್ಲಿ ಆ ಲಿವರ್‌ಗಳು ಅಲ್ಲಾಡೋದು ನೋಡೋಕೆ. ಸರ್ವೀಸ್ ಮಾತು ತಲೇಲಿ ಇಟ್ಕೋತೀನಿ. @ಹಳೇ_ಕೀಲಿ ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಇದೇ ಬಜೆಟ್ಟಲ್ಲಿ ಎಚ್-21 ಮೂವ್‌ಮೆಂಟಿನ ಹ್ಯಾಮಿಲ್ಟನ್, ಟಿಸ್ಸೋದ ಹಳೇ ಮಾಡೆಲ್ ಒಂದು (ಮೂವ್‌ಮೆಂಟ್ ಸಿ01.211 ಅಂತೆ) ಕೂಡ ಸಿಗ್ತಿವೆ. ಅವು ಹೇಗೆ?

ಹಳೇ_ಕೀಲಿ:
ಎಚ್-21 ಕೂಡ 7750ರ ಮಗನೇ, 60 ಗಂಟೆ ಓಡತ್ತೆ, ಶುಕ್ರವಾರ ಸಂಜೆ ಬಿಚ್ಚಿಟ್ರೆ ಸೋಮವಾರ ಬೆಳಗ್ಗೆ ಇನ್ನೂ ಉಸಿರಾಡ್ತಾ ಇದ್ರೂ ಇರಬಹುದು. ಸಿ01.211 ಬೇರೆ ಜಾತಿ, ಲೆಮಾನಿಯಾ 5100 ಅನ್ನೋ ಇನ್ನೊಂದು ಹಳೇ ಮೂವ್‌ಮೆಂಟಿನ ವಂಶ. ಖರ್ಚು ಇಳಿಸೋಕೆ ಅಂತಾನೇ ಮಾಡಿದ್ದು, ಒಳಗೆ ಕೆಲವು ಪ್ಲಾಸ್ಟಿಕ್ ಭಾಗಗಳಿವೆ, 15 ಜ್ಯುವೆಲ್ಲು (ತಿಕ್ಕಾಟ ತಗ್ಗಿಸೋ ಹರಳು). ಬೀಟು ಗಂಟೆಗೆ 21,600, ಅಂದ್ರೆ ಸೆಕೆಂಡಿಗೆ ಆರು ಹೆಜ್ಜೆ, ನಿಮ್ಮ ಎಸ್‌ಡಬ್ಲ್ಯೂ500 28,800, ಸೆಕೆಂಡಿಗೆ ಎಂಟು. ಕಣ್ಣಿಟ್ಟು ನೋಡಿದ್ರೆ ಮುಳ್ಳು ಹೋಗೋ ರೀತೀಲೇ ವ್ಯತ್ಯಾಸ ಕಾಣತ್ತೆ. ಪ್ಲಾಸ್ಟಿಕ್ ಅಂದ ತಕ್ಷಣ ಮೂಗು ಮುರೀಬೇಡಿ, ಓಡೋಕೆ ಚೆನ್ನಾಗೇ ಓಡತ್ತೆ. ಆದ್ರೆ 7750 ಮನೆತನಕ್ಕಿರೋ ಅನುಕೂಲ ಅದಕ್ಕಿಲ್ಲ, ಐವತ್ತು ವರ್ಷದಿಂದ ಇರೋ ಯಂತ್ರ, ಕ್ರೋನೋ ಗೊತ್ತಿರೋ ಯಾವ ವಾಚ್ ರಿಪೇರಿಯವರಾದ್ರೂ ಕಣ್ಮುಚ್ಚಿ ಬಿಚ್ತಾರೆ. ನನಗಂತೂ ಅದೇ ಮುಖ್ಯ.

ದಪ್ಪದ ಬಗ್ಗೆ ನೀವು ಕೇಳ್ಲಿಲ್ಲ, ನಾನೇ ಹೇಳ್ತೀನಿ. 7750 ಮೂವ್‌ಮೆಂಟೇ 7.9 ಮಿಮೀ, ಮಾಮೂಲಿ ಮೂರು ಮುಳ್ಳಿನ ಇಟಿಎ 2824 ಬರೀ 4.6. ಮೇಲೆ ಡಯಲ್ಲು ಗ್ಲಾಸು, ಕೆಳಗೆ ಮುಚ್ಚಳ ಸೇರಿದ್ರೆ 15 ಆಗ್ದೆ ಇನ್ನೇನು. ಟೀ ಶರ್ಟ್ ಹಾಕ್ಕೊಂಡು ಟ್ರೈ ಮಾಡಿದ್ರೆ ಇದು ಗೊತ್ತಾಗಲ್ಲ, ತುಂಬುತೋಳಿನ ಅಂಗಿ ಹಾಕ್ಕೊಂಡು ಗುಂಡಿ ಹಾಕಿ ನೋಡಿ.

ಹತ್ತೂವರೆ_ರಾತ್ರಿ:
ನನ್ನ ಹೆಸರು ನೋಡಿದ್ರೇ ಕಥೆ ಅರ್ಥ ಆಗತ್ತೆ. ಎರಡು ವಾರ ಪೆಟ್ಟಿಗೇಲಿ ನಿಂತಿದ್ದ 7750 ವಾಚನ್ನ ತೆಗೆದು, ಮಾರನೇ ದಿನ ಮದುವೆ ಇತ್ತು, ರಾತ್ರಿ ಹತ್ತೂವರೆಗೆ ಟೈಮ್ ಸೆಟ್ ಮಾಡಿ ಡೇಟ್ ತಿರುಗಿಸ್ದೆ. ಟಿಕ್ ಅಂತ ಏನೋ ಸಣ್ಣ ಸದ್ದು. ಆಮೇಲೆ ಡೇಟು 17ಕ್ಕೇ ಗೂಟ ಹೊಡ್ಕೊಂಡು ಕೂತ್ಬಿಡ್ತು. ಹತ್ತಿರ ಹತ್ತಿರ ರಾತ್ರಿ 8ರಿಂದ 2ರವರೆಗೆ ಡೇಟ್ ಬದಲಿಸೋ ಹಲ್ಲು ಕಚ್ಕೊಂಡಿರತ್ತಂತೆ, ಆಗ ಕ್ರೌನಿಂದ (ಪಕ್ಕದ ಕೀ ಗುಂಡಿ) ತಿರುಗಿಸಿದ್ರೆ ಹಲ್ಲು ಮುರಿಯತ್ತೆ. ಬಾಕ್ಸಲ್ಲಿದ್ದ ಪುಸ್ತಕದಲ್ಲಿ ಬರೆದಿತ್ತು, ಯಾರು ಓದ್ತಾರೆ ಹೇಳಿ. ಮೊದಲು ಮುಳ್ಳನ್ನ ಆರೂವರೆಗೆ ತಂದ್ಕೊಂಡು ಆಮೇಲೆ ಡೇಟ್ ಹಾಕಿ, ಆಮೇಲೆ ಮುಂದಕ್ಕೆ ತಿರುಗಿಸ್ತಾ ಸರಿ ಟೈಮಿಗೆ ತನ್ನಿ.

ಮತ್ತೆ 100 ಮೀಟರ್ ಅಂತ ಬರೆದಿದ್ರೂ ನೀರೊಳಗೆ ಬಟನ್ ಒತ್ತೋಕೆ ಹೋಗ್ಬೇಡಿ, ಆ ಬಟನ್ ಸುತ್ತ ಇರೋ ರಬ್ಬರ್ ರಿಂಗ್ ದಾಟಿ ನೀರು ಒಳಗೆ ಹೋದ್ರೆ ಡಯಲ್ಲೂ ಹೋಗತ್ತೆ.

ಕೆಂಪು_ಮುಳ್ಳು:
ಅಪ್ಡೇಟ್. ಇವತ್ತು ತುಂಬುತೋಳಿನ ಅಂಗಿ ಹಾಕ್ಕೊಂಡೇ ಹೋಗಿದ್ದೆ. ತೋಳಿನ ಅಂಚು ವಾಚಿಗೆ ಸಿಕ್ಕಿ ಅಲ್ಲೇ ನಿಲ್ಲತ್ತೆ, ಕೈ ಚಾಚಿದಾಗಲೂ ಕೆಳಗೆ ಜಾರಲ್ಲ, ಇದು ಒಂದು ಕೊರತೇನೇ, ಆದ್ರೆ ನಾನು ತೋಳು ಮಡಚೋ ಜಾತಿ, ನಡೀತದೆ. ಹತ್ತು ಸಲ ಅಂದ್ರಲ್ಲ, ನಾನು ಹದಿನೈದು ಸಲ ರೀಸೆಟ್ ಮಾಡ್ದೆ, ಅಂಗಡಿ ಹುಡುಗ ನನ್ನ ಮುಖ ನೋಡ್ತಾ ನಿಂತಿದ್ದ. ಹದಿನೈದೂ ಸಲ ಅದೇ ಜಾಗ, ಅದೇ ಕೂದಲೆಳೆ ಎಡಕ್ಕೆ. ಮುಳ್ಳು ಸರಿ ಕೂರಿಸಿ ಕೊಟ್ರೆ ಮಾತ್ರ ತಗೋತೀನಿ ಅಂದೆ, ಒಪ್ಕೊಂಡ್ರು. ಮುಂದಿನ ವಾರ ಸಿಗತ್ತೆ.

ಹಳೇ_ಕೀಲಿ:
ಒಳ್ಳೇದಾಯ್ತು. ಮುಳ್ಳು ಸರಿ ಮಾಡ್ಬೇಕಂದ್ರೆ ಹಿಂದಿನ ಮುಚ್ಚಳ ಬಿಚ್ಚಿ ಮೂವ್‌ಮೆಂಟ್ ಹೊರಗೆ ತೆಗೀಲೇಬೇಕು, ಹಾಗಾಗಿ ವಾಪಸ್ ತಗೊಳ್ಳುವಾಗ ಪ್ರೆಶರ್ ಟೆಸ್ಟ್ (ನೀರು ಒಳಗೆ ಹೋಗತ್ತಾ ಅನ್ನೋ ಪರೀಕ್ಷೆ) ಮಾಡಿದ್ದೀರಾ ಅಂತ ಕೇಳಿ, ಮಾಡಿಲ್ಲ ಅಂದ್ರೆ ಅಲ್ಲೇ ಮಾಡಿಸಿ. ಡಯಲ್ ಮೇಲೆ, ಗ್ಲಾಸಿನ ಒಳಗಡೆ ಧೂಳು ಕೂತಿದ್ಯಾ ಅಂತ ಟಾರ್ಚ್ ಓರೆಗೆ ಹಿಡಿದು ನೋಡಿ. ಫೋಟೋ ಹಾಕಿ ಆಮೇಲೆ.