ಬಿಸಿ ಆದಮ್ಯಾಲ ಆಯಿಲ್ ಪ್ರೆಶರ್ 1 ಬಾರ್‌ಗೆ ಇಳಿತೈತಿ, ಎಂಜಿನ್ ಬಿಚ್ಚಿಸ್ಬೇಕಾ?

ಗಂಗಾವತಿ ಗಾಡಿ:
ಹಳೇ ಡೀಸೆಲ್ ಟೆಂಪೋ ಟ್ರಾವೆಲರ್ ತಗೊಂಡು, ಸೀಟೆಲ್ಲ ಬಿಚ್ಚಿಸಿ, ಎರಡು ಮಂಚ, ಗ್ಯಾಸ್ ಒಲಿ, ನೀರಿನ ಟ್ಯಾಂಕ್ ಕೂಡ್ರಿಸೀನ್ರಿ. ಅವ್ವಗ ಮೊಣಕಾಲು ನೋವು, ಬಸ್ಸಿನಾಗ ಕೂಡಾಕ ಆಗಂಗಿಲ್ಲ. ಹೋದ ವಾರ ಮಂತ್ರಾಲಯಕ್ಕ ಕರಕೊಂಡು ಹೋಗಿದ್ದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಮೀಟರಿನಾಗ 4.5 ಬಾರ್, ರೋಡಿನಾಗ 2000 ಆರ್‌ಪಿಎಂಗೆ 3. ವಾಪಸ್ ಬರೂವಾಗ ಮಧ್ಯಾಹ್ನದ ಬಿಸಲಾಗ ರಾಯಚೂರು ಊರೊಳಗ ನಿಂತ್ರ ಮುಳ್ಳು 1ಕ್ಕ ಬಿತ್ತು. ಆಯಿಲಿನ ಕೆಂಪು ಲೈಟ್ ಹತ್ತಲಿಲ್ಲ, ಸಪ್ಪಳನೂ ಬದಲಾಗ್ಲಿಲ್ಲ. ಗ್ಯಾರೇಜಿನ್ಯಾಗ "ಬೇರಿಂಗ್ ಹೋಗ್ಯಾವ, ಎಂಜಿನ್ ಇಳಿಸ್ಬೇಕು, ಸದ್ಯಕ್ಕ 15ಡಬ್ಲ್ಯೂ-40 ಆಯಿಲ್ ತಗದು ಅದಕ್ಕಿಂತ ದಪ್ಪಂದು 20ಡಬ್ಲ್ಯೂ-50 ಹಾಕ್ರಿ" ಅಂದ್ರು. ಮುಂದ ಶ್ರೀಶೈಲ ಘಾಟ್ ಹತ್ತಬೇಕು. ಅವ್ವ ಗಾಡ್ಯಾಗ ಇರ್ತಾಳ, ಅದಕ್ಕ ಚಿಂತಿ.

ಸಿಂಧನೂರು ಡ್ರೈವರ್:
ನಮ್ಮ ಭತ್ತದ ಲಾರಿದೂ ಹಂಗೇ ಅದ ರೀ. ಬಿಸಿ ಆದಮ್ಯಾಲ ನಿಂತಲ್ಲಿ 1 ತೋರಸ್ತದ, ರೇಸ್ ಕೊಟ್ರ ಏರ್ತದ. ನಾಲ್ಕು ವರ್ಷದಿಂದ ಓಡ್ಲಿಕತ್ತದ.

ಬಳ್ಳಾರಿ ಮೇಸ್ತ್ರಿ:
ಸಂಡೂರು ಕಡೆ ಅದಿರು ಲಾರಿಗಳ ಎಂಜಿನ್ ಬಿಚ್ಚಿ ಕಟ್ಟಿದ ಕೈ ನಂದು. ತಮ್ಮಾ, ನೀವು ಬರೆದ ಲೆಕ್ಕದಾಗೆ ನನಗೆ ಕಾಯಿಲೆ ಕಾಣ್ತಾ ಇಲ್ಲ.

ಪಂಪು ತಳ್ಳೋದು ಆಯಿಲನ್ನ. ಬೇರಿಂಗ್ ಸಂದಿಯಾಗೆ ಅದು ನುಗ್ಗೋಕೆ ಎಷ್ಟು ತ್ರಾಸು ಪಡ್ತೈತೋ ಅದೇ ಪ್ರೆಶರ್. ಬೆಳಗ್ಗೆ ಆಯಿಲ್ ಜೋನಿಬೆಲ್ಲ ಇದ್ದಂಗೆ ಗಟ್ಟಿ, ಅದಕ್ಕೇ 4.5. ಅದಕ್ಕಿಂತ ಬಹಳ ಏರದಂಗೆ ರಿಲೀಫ್ ವಾಲ್ವ್ ತಡೀತೈತೆ. ಬಿಸಿ ಆದ್ಮೇಲೆ ತೆಳ್ಳಗಾಗಿ ಸಲೀಸಾಗಿ ಜಾರ್ತೈತೆ, ನಿಂತಾಗ ಪಂಪೂ ನಿಧಾನ ತಿರುಗ್ತೈತೆ, ಮುಳ್ಳು ಬೀಳಲೇಬೇಕು. ಹಳೇ ಲೆಕ್ಕ ಒಂದೈತೆ: ಬಿಸಿ ಎಂಜಿನ್‌ಗೆ 1000 ಆರ್‌ಪಿಎಂಗೆ 10 ಪಿಎಸ್‌ಐ, ಅಂದ್ರೆ ಸುಮಾರು 0.7 ಬಾರ್. 2000ಕ್ಕೆ 1.4 ಸಾಕು, ನಿಮಗೆ 3 ಬರ್ತೈತೆ. ಆದ್ರೂ ನಿಮ್ಮ ಗಾಡಿ ಪುಸ್ತಕದಾಗೆ ಏನು ಬರೆದೈತೋ ಅದೇ ಕೊನೆ ಮಾತು.

ಎಂಜಿನ್ ಇಳಿಸೋಕೆ ಮುಂಚೆ ಕೆಂಪು ಲೈಟ್ ಹತ್ತಿಸೋ ಪ್ರೆಶರ್ ಸ್ವಿಚ್ ಬಿಚ್ಚಿ, ಆ ಜಾಗಕ್ಕೆ ಕೈ ಗೇಜ್, ಅಂದ್ರೆ ಪ್ರೆಶರ್ ನೇರ ತೋರಿಸೋ ಬೇರೆ ಮೀಟರ್ ಹಾಕಿಸಿ, ಎಂಜಿನ್ ಪೂರ್ತಿ ಬಿಸಿ ಇದ್ದಾಗ ನೋಡ್ರಿ. ಮೀಟರಿನ ಸೆನ್ಸಾರ್ ಸುಳ್ಳು ಹೇಳಿದ್ದಕ್ಕೆ ಚೆನ್ನಾಗಿರೋ ಎಂಜಿನ್ ಬಿಚ್ಚಿದ್ದನ್ನ ನೋಡೀನಿ. ಹಂಗೇ ಆಯಿಲ್ ಕಡ್ಡಿ ಎಳೆದು ಮೂಸಿ ನೋಡ್ರಿ. ಒಂದು ಲಾರಿಯಾಗೆ ಆಯಿಲ್ ಹಾಕದಿದ್ರೂ ಲೆವೆಲ್ ಏರ್ತಿತ್ತು. ಓನರ್‌ಗೆ ಆಯಿಲ್ ತಿನ್ನಲ್ಲ ಅಂತ ಖುಷಿ. ಡೀಸೆಲ್ ಸೋರಿ ಎಂಜಿನ್ ತಳದ ಆಯಿಲ್ ಚೇಂಬರಿಗೆ ಇಳೀತಿತ್ತು. ಆಯಿಲ್ ನೀರಿನಂಗೆ ತೆಳ್ಳಗಾಗಿ, ಎಂಜಿನ್ ಒಳಗೆ ತಿರುಗೋ ಕ್ರ್ಯಾಂಕ್ ದಂಡ ಹಿಡ್ಕೊಂತು. ಅದು ಇವತ್ತಿಗೂ ಮನಸ್ಸಿಗೆ ಚುಚ್ತೈತೆ, ಒಂದು ದಿನ ಮುಂಚೆ ಯಾರಾದ್ರೂ ಮೂಸಿದ್ರೆ ಸಾಕಿತ್ತು.

ದಪ್ಪ ಆಯಿಲ್ ಹಾಕಿದ್ರೆ ಮುಳ್ಳು ಏರ್ತೈತೆ, ಸವೆದ ಬೇರಿಂಗ್ ತುಂಬಿಕೊಳ್ಳಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟರ್ಬೋಗೆ ಆಯಿಲ್ ಮುಟ್ಟೋದೂ ತಡ. ಪುಸ್ತಕ ಹೇಳಿದ್ದನ್ನೇ ಹಾಕ್ರಿ. ಅದೇ ಬಿಸಿ, ಅದೇ ಆರ್‌ಪಿಎಂಗೆ ಹೋದ ತಿಂಗಳಿಗಿಂತ ಕಮ್ಮಿ ಬಂದ್ರೆ ಆವಾಗ ಹೆದರ್ರಿ. ಕೆಂಪು ಲೈಟ್ ಹತ್ತಿದ್ರೆ ಮಾತ್ರ, ಘಾಟೇ ಇರಲಿ, ಬದಿಗೆ ಹಾಕಿ ಆಗ್ಲೇ ಎಂಜಿನ್ ಬಂದ್ ಮಾಡ್ರಿ. ಮುಂದಿನ ಊರು ಮುಟ್ಟೋಣ ಅನ್ನಬೇಡ್ರಿ.

ಗಂಗಾವತಿ ಗಾಡಿ:
ಮೇಸ್ತ್ರಿ, ಇವತ್ತು ಕೈ ಗೇಜ್ ಹಾಕಿಸಿದೆ. ಬಿಸಿ ಇದ್ದಾಗ ನಿಂತಲ್ಲಿ 1.2, 2000ಕ್ಕ 3.1. ಕಡ್ಡಿಗೆ ಡೀಸೆಲ್ ವಾಸನಿ ಇಲ್ಲ, ಲೆವೆಲ್ ಸರಿ ಐತಿ. 15ಡಬ್ಲ್ಯೂ-40 ಹಂಗೇ ಬಿಟ್ಟೀನಿ. ಡ್ಯಾಶ್‌ಬೋರ್ಡಿಗೆ ಒಂದು ನೋಟ್‌ಬುಕ್ ಕಟ್ಟೀನಿ, ಮುಳ್ಳು ಓದಿ ಹೇಳೋದು ನಾನು, ಬರಕೊಳ್ಳೋದು ಅವ್ವ.