ಅಮೆರಿಕದ ಯೂಟಾ ರಾಜ್ಯದ ವೈಟ್ ರಿಮ್ ರಸ್ತೆ: ಮೂರು ಜೀಪುಗಳ ತಂಡಕ್ಕೆ ಸಲಹೆ ಬೇಕು

ಪ್ರಶ್ನೆ: ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ವೈಟ್ ರಿಮ್ ರಸ್ತೆಗೆ ಅಕ್ಟೋಬರ್‌ನಲ್ಲಿ ನಾವು ಕೆಲವು ಕುಟುಂಬಗಳು ಹೊರಟಿದ್ದೇವೆ. ಸುಮಾರು 160 ಕಿಲೋಮೀಟರ್ ಹಾದಿಯನ್ನು ಒಂದೇ ದಿನದಲ್ಲಿ ಕ್ರಮಿಸುವುದು ಸರಿಯೇ?

ಉತ್ತರ 1: ದಯವಿಟ್ಟು ಹಾಗೆ ಮಾಡಬೇಡಿ, ಎರಡು ರಾತ್ರಿ ತಂಗಿದರೆ ಮಾತ್ರ ಆ ಕಣಿವೆಗಳನ್ನು ಕಣ್ತುಂಬ ನೋಡಲು ಸಾಧ್ಯ. ಹಗಲಿನ ಪ್ರಯಾಣಕ್ಕೂ ಪರವಾನಗಿ ಕಡ್ಡಾಯ. ಮರ್ಫಿ ಹಾಗ್‌ಬ್ಯಾಕ್‌ನ ಕಡಿದಾದ ಏರಿನಲ್ಲಿ ಬಾನೆಟ್ಟಿನಾಚೆ ಆಕಾಶವಷ್ಟೇ ಕಾಣುವುದರಿಂದ, ಮುಂದಿನ ಜೀಪು ನೆತ್ತಿ ತಲುಪುವವರೆಗೆ ಹಿಂದಿನವರು ಕೆಳಗೇ ಕಾಯಬೇಕು. ಇಳಿಜಾರಿನಲ್ಲಿ ಬ್ರೇಕನ್ನೇ ನೆಚ್ಚದೆ ಲೋ ರೇಂಜ್ ಗೇರಿನಲ್ಲಿ (ಜೀಪಿನ ವೇಗ ತಗ್ಗಿಸಿ ಹಿಡಿತ ಕೊಡುವ ಗೇರು) ನಿಧಾನವಾಗಿ ಇಳಿಯಬೇಕು.

ಉತ್ತರ 2: ದಾರಿಯುದ್ದಕ್ಕೂ ಕುಡಿಯುವ ನೀರು ಸಿಗುವುದಿಲ್ಲ. ತಲಾ ದಿನಕ್ಕೆ ಕನಿಷ್ಠ ನಾಲ್ಕು ಲೀಟರ್ ಒಯ್ಯಿರಿ. ಇನ್ನೊಂದು ಕಳಕಳಿಯ ವಿನಂತಿ: ರಸ್ತೆಯ ಪಕ್ಕದಲ್ಲಿ ಕಪ್ಪಗೆ, ಉಬ್ಬುಬ್ಬಾಗಿ ಕಾಣುವ ಮಣ್ಣಿನ ಹೊರಪದರವು ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು, ಕಲ್ಲುಹೂವು, ಹಾವಸೆಗಳು ಹೆಣೆದುಕೊಂಡ ಜೀವಂತ ಪದರ. ಮರಳು ಹಾರಿಹೋಗದಂತೆ ಹಿಡಿದಿಡುವ ಅದು ಒಮ್ಮೆ ತುಳಿತಕ್ಕೆ ಸಿಕ್ಕರೆ ಚೇತರಿಸಿಕೊಳ್ಳಲು ದಶಕಗಳೇ ಬೇಕು. ಮಕ್ಕಳಿಗೆ ಇದನ್ನು ಮೊದಲೇ ತೋರಿಸಿ ಹೇಳಿ.

ಉತ್ತರ 3: ಗ್ರೀನ್ ನದಿಯ ಬದಿಯ ತಗ್ಗುದಾರಿ ಪ್ರವಾಹದಲ್ಲಿ ಮುಳುಗುವುದುಂಟು. ಹೊರಡುವ ಮುನ್ನ ರೇಂಜರುಗಳನ್ನು ವಿಚಾರಿಸಿ.